ಹಗಲು ಹನ್ನೊಂದಕ್ಕೆ ಮನೆಗೆ ಹೋದ ಎಂಜಿನ್

ಹೊಸದಾಗಿ ಎಲೆಕ್ಟ್ರಿಕಲ್ ಕೆಲಸಕ್ಕೆ ಸೇರುವ ಮಕ್ಕಳಿಗೆ ಎರಡು ಮಾತು ಬರೆದುಕೊಡಿ ಎಂದು ನಮ್ಮ ಕಾರ್ಖಾನೆಯ ತರಬೇತಿ ಶಾಲೆಯವರು ಕೇಳಿದರು. ನಾನು ಎರಡೇ ಮಾತು ಬರೆದುಕೊಟ್ಟೆ: ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಕೈ ಹಾಕಿ. ಅವರು ಅದನ್ನು ಓದಿ, "ಇನ್ನೂ ಸ್ವಲ್ಪ ಬರೀರಿ ಮೇಡಂ, ಪೇಜು ತುಂಬ್ಬೇಕು" ಎಂದರು. ಪೇಜು ತುಂಬಿಸುವುದೇ ಉದ್ದೇಶವಾದರೆ ನನ್ನ ತಪ್ಪುಗಳನ್ನು ಬರೆಯುವುದು ವಾಸಿ. ಅವು ಬೇಕಾದಷ್ಟಿವೆ.

ನನ್ನ ಹೆಸರು ಶಾರದಾ. ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಸರ್ವಿಸಿನಲ್ಲಿರುವಾಗಲೇ ತೀರಿಕೊಂಡದ್ದರಿಂದ ಅನುಕಂಪದ ಆಧಾರದ ಮೇಲೆ ನನಗೆ ಕೆಲಸ ಸಿಕ್ಕಿತು. ಮೂವತ್ತೇಳು ವರ್ಷ ದುಡಿದೆ. ಬಡ್ತಿ ಎಷ್ಟು, ಯಾವಾಗ ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ಅದನ್ನು ಓದಿ ಯಾರೂ ನಕ್ಕಿದ್ದು ನಾನು ಕಂಡಿಲ್ಲ, ಹಾಗಾಗಿ ಆ ಸಂಗತಿ ಇಲ್ಲಿ ಬೇಡ. ನಾನು ಹೇಳಬೇಕಾಗಿರುವುದು ಕರಿಯನ ವಿಷಯ.

ಕರಿಯ ಎಂದರೆ ಮನುಷ್ಯನಲ್ಲ, ಉಗಿ ಎಂಜಿನ್ನಿನ ಒಂದು ಮಾದರಿ. ಹಿಂದೆ ಅದಿರು ಎಳೆದು ತರುತ್ತಿದ್ದ ಎಂಜಿನ್ನನ್ನು ನೋಡಿಕೊಂಡು ತರಬೇತಿ ಶಾಲೆಯ ರಂಗಸ್ವಾಮಿ ಮೇಷ್ಟ್ರು ಉಳಿಕೆ ತುಂಡು ಕಬ್ಬಿಣದಲ್ಲಿ ಅದನ್ನು ಮಾಡಿದ್ದರು. ನಾಲ್ಕಡಿ ಉದ್ದ, ಮೂರು ಜನ ಸೇರಿದರೆ ಎತ್ತಬಹುದಾದಷ್ಟು ಭಾರ. ಹೊರಗೆ ನೋಡಿದರೆ ಬಾಯ್ಲರ್, ಚಿಮಣಿ, ಕಲ್ಲಿದ್ದಲ ಪೆಟ್ಟಿಗೆ ಎಲ್ಲವೂ ಇದ್ದವು. ಒಳಗೆ ಉಗಿಯೂ ಇಲ್ಲ, ಬೆಂಕಿಯೂ ಇಲ್ಲ, ಒಂದು ಲಾರಿಯ ವೈಪರ್ ಮೋಟಾರು, ಒಂದು ಬ್ಯಾಟರಿ ಅಷ್ಟೇ. ಶಾಲೆಯ ಅಂಗಳದಲ್ಲಿ ಅದಕ್ಕೆ ಇಪ್ಪತ್ತೈದು ಅಡಿ ಹಳಿ, ಕೆಲವು ವರ್ಷದ ಮೇಲೆ ಹಳಿಯ ಒಂದು ತುದಿಗೆ ತಗಡಿನ ಪುಟ್ಟ ಶೆಡ್ಡೂ ಬಂತು.

ನಾನು ಸೇರಿದಾಗ ಆ ವಿಭಾಗದಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಗಂಡಸರು ನನಗೆ ಸ್ಕ್ರೂಡ್ರೈವರ್ ಕೊಡಲು ಹೆದರುತ್ತಿದ್ದರು. ಕೊಟ್ಟರೆ ಏನಾದರೂ ಬಿಚ್ಚಿಬಿಟ್ಟಾಳು ಎಂಬ ಭಯ. ಮೊದಲ ತಿಂಗಳು ಪೂರ್ತಿ ರಿಜಿಸ್ಟರಿಗೆ ಗೆರೆ ಹಾಕುತ್ತಾ ಕುಳಿತೆ. ಅದನ್ನು ಕಂಡ ರಂಗಸ್ವಾಮಿ ಮೇಷ್ಟ್ರು ಒಂದು ದಿನ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, "ತಗಾ, ಇವನ ಹೆಡ್‌ಲೈಟ್ ಉರೀತಿಲ್ಲ. ಬಿಚ್ಚು. ಕೆಡಿಸಿದ್ರೆ ಬೈಯೋಕೆ ನಾನೊಬ್ನೇ ಇರೋದು" ಎಂದರು. ನಾನು ಕಲಿತದ್ದೆಲ್ಲ ಆ ಎಂಜಿನ್ನಿನ ಹೊಟ್ಟೆಯೊಳಗೆ ಕೈ ಹಾಕಿ.

ಮೊದಲ ಸಲವೇ ಕೆಡಿಸಿದೆ. ಟಾರ್ಚಿನ ಬಲ್ಬು ಹಾಕಿ ದೀಪ ಉರಿಸಿದ್ದೇನೋ ಸರಿ, ಆ ಭರದಲ್ಲಿ ಮೋಟಾರಿನ ಎರಡು ವೈರುಗಳನ್ನು ಅದಲು ಬದಲು ಕೊಟ್ಟುಬಿಟ್ಟಿದ್ದೆ. ಆಗ ಕರಿಯನಿಗೆ ಮುಂದೆ ಹೋಗುವುದೊಂದೇ ಗೊತ್ತಿತ್ತು. ತುದಿ ಮುಟ್ಟಿದ ಮೇಲೆ ಮೂರು ಜನ ಹೊತ್ತು ತಂದು ಮತ್ತೆ ಈ ಕಡೆ ಇಡಬೇಕಿತ್ತು. ಅವತ್ತು ಹೊಸದಾಗಿ ಬಂದ ಅಧಿಕಾರಿಯೊಬ್ಬರು ಎಂಜಿನ್ನಿನ ಹಿಂದೆ, ಹಿಂದಿದ್ದರೆ ಸುರಕ್ಷಿತ ಎಂದು ತಿಳಿದು, ಟೀ ಕುಡಿಯುತ್ತಾ ನಿಂತಿದ್ದರು. ಸ್ವಿಚ್ ಒತ್ತಿದೆ. ಕರಿಯ ಹಿಂದಕ್ಕೆ ಹೊರಟು, ಹಳಿ ಮುಗಿದರೂ ನಿಲ್ಲದೆ, ಅವರ ಕಾಲಿಗೆ ಗುದ್ದಿತು. ಅವರ ಬಿಳಿ ಪ್ಯಾಂಟಿನ ಮೇಲೆ ಟೀ ಬಿತ್ತು. ನನ್ನ ಕೆಲಸ ಹೋಯಿತು ಎಂದೇ ನಾನು ಅಂದುಕೊಂಡೆ. ಮೇಷ್ಟ್ರು ಮಾತ್ರ ಬಗ್ಗಿ ವೈರು ನೋಡಿ, "ಸಾರ್, ಇದಕ್ಕೆ ಹಿಂದೆ ಹೋಗೋದು ನಾವ್ಯಾರೂ ಕಲ್ಸಿರ್ಲಿಲ್ಲ. ಈ ಹುಡುಗಿ ಕಲ್ಸಿದಾಳೆ" ಎಂದರು. ಮರುದಿನವೇ ಮುಂದೆ ಹಿಂದೆ ಎರಡಕ್ಕೂ ಸ್ವಿಚ್ ಹಾಕಿದೆವು. ಹೊತ್ತು ತರುವ ಕೆಲಸ ತಪ್ಪಿತು.

ಇನ್ನೊಬ್ಬ ಅಧಿಕಾರಿಗೆ ಹೊಗೆಯ ಹುಚ್ಚು. ಹೊಗೆ ಇಲ್ಲದ ಉಗಿ ಎಂಜಿನ್ ಎಂಥದ್ದು ಎಂದು ದಿನಾ ತಲೆ ತಿನ್ನುತ್ತಿದ್ದರು. ಕಾರ್ಮಿಕರ ಮನೆಯವರೆಲ್ಲ ಕಾರ್ಖಾನೆ ನೋಡಲು ಬರುವ ದಿನ ನಮ್ಮ ಫಿಟ್ಟರ್ ಸೆಲ್ವರಾಜ್ ಒಂದು ಉಪಾಯ ಮಾಡಿದ. ಚಿಮಣಿಯೊಳಗೆ ತಟ್ಟೆಯಲ್ಲಿ ಕೆಂಡ ಇಟ್ಟು ಸಾಂಬ್ರಾಣಿ ಹಾಕಿದ. ಹೊಗೆ ಬಂತು, ಬೇಕಾದಷ್ಟು ಬಂತು. ಆದರೆ ಕರಿಯ ಎದುರಿಗೆ ಬಂದಾಗ ಹೆಂಗಸರೆಲ್ಲ ಚಪ್ಪಲಿ ಬಿಟ್ಟು ಕೈ ಮುಗಿಯತೊಡಗಿದರು. ಒಬ್ಬ ಅಜ್ಜಿ ಕಲ್ಲಿದ್ದಲ ಪೆಟ್ಟಿಗೆಯಲ್ಲಿ ಎರಡು ಬಾಳೆಹಣ್ಣು ಇಟ್ಟು, ಸ್ವಲ್ಪ ಹೊತ್ತು ಕಾದು, ಒಂದನ್ನು ಪ್ರಸಾದವೆಂದು ವಾಪಸ್ಸು ತೆಗೆದುಕೊಂಡರು. ಅಧಿಕಾರಿಗಳು ಮತ್ತೆ ಹೊಗೆಯ ಮಾತೆತ್ತಲಿಲ್ಲ.

ಹೀಗೆಯೇ ವರ್ಷಗಳು ಕಳೆದವು. ಮೇಷ್ಟ್ರು ನಿವೃತ್ತರಾದರು. ನನಗೆ ಮದುವೆಯಾಯಿತು. ನಮ್ಮ ಯಜಮಾನರು ಇಲ್ಲೇ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ನಾಲ್ಕೂವರೆಗೆಲ್ಲ ಮನೆಗೆ ಬಂದು ಪೇಪರ್ ಹಿಡಿದು ಕೂರುವರು. ನಾನು ಐದೂವರೆಗೆ ಬಂದು, ಚಪ್ಪಲಿ ಬಿಡುತ್ತಲೇ ಅಡುಗೆಮನೆಗೆ ನುಗ್ಗಿ ಕುಕ್ಕರ್ ಇಡುವೆ. ಮೂರು ಸೀಟಿ ಆದಮೇಲೆ, "ಏನೇ, ಆಯ್ತಾ?" ಎಂದು ಹಾಲಿನಿಂದ ಒಂದು ದನಿ ಬರುವುದು. ಅವರು ನಿವೃತ್ತರಾದ ಮೇಲೂ ಇದರಲ್ಲಿ ಆದ ಬದಲಾವಣೆ ಒಂದೇ. ಪೇಪರ್ ಹಿಡಿದು ಕೂರುವುದು ಬೆಳಿಗ್ಗೆಯಿಂದಲೇ ಶುರುವಾಯಿತು. ಅವರು ಒಳ್ಳೆಯವರೇ. ಅಡುಗೆಮನೆಯ ದಾರಿ ಅವರಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ.

ನನ್ನ ನಿವೃತ್ತಿಗೆ ಮೂರು ತಿಂಗಳಿದೆ ಎನ್ನುವಾಗ ಒಬ್ಬ ಹೊಸ ಸಾಹೇಬರು ಬಂದರು. ನಗದ ಮನುಷ್ಯ. ಅವರು ಬಂದವರೇ ಉಪಯೋಗಕ್ಕೆ ಬಾರದ ಸಾಮಾನುಗಳ ಪಟ್ಟಿ ಮಾಡಿಸಿ, ಅದೆಲ್ಲವನ್ನೂ ಗುಜರಿಗೆ ಹಾಕಿ ಎಂದು ಆರ್ಡರ್ ಮಾಡಿದರು. ಪಟ್ಟಿಯಲ್ಲಿ ಹಳೆ ಲೇತು, ಮುರಿದ ಬೆಂಚು, ತುಕ್ಕು ಹಿಡಿದ ಬೀರು, ಇವುಗಳ ನಡುವೆ ಹದಿನೇಳನೆಯದಾಗಿ "ಎಂಜಿನ್ ಗೊಂಬೆ, ಕೆಟ್ಟಿದೆ, ಒಂದು" ಎಂದಿತ್ತು. ಕೆಟ್ಟಿದ್ದೇನೋ ನಿಜ. ಎರಡು ವರ್ಷದಿಂದ ಕರಿಯ ಶೆಡ್ಡು ಬಿಟ್ಟು ಅಲ್ಲಾಡಿರಲಿಲ್ಲ. ಹೇಳಬೇಕೆಂದರೆ ನಾನೇ ಅವನನ್ನು ಮರೆತಿದ್ದೆ.

ಸುದ್ದಿ ಮೇಷ್ಟ್ರ ಕಿವಿಗೆ ಹೇಗೆ ಬಿತ್ತೋ. ಎಂಬತ್ತನಾಲ್ಕು ವರ್ಷ, ಕಿವಿ ಅಷ್ಟಕ್ಕಷ್ಟೇ, ಆದರೆ ಬೇಕಾದ ಸುದ್ದಿ ಮಾತ್ರ ಕೇಳಿಸುತ್ತದೆ. ಕೋಲೂರಿಕೊಂಡು ನಮ್ಮ ಮನೆಗೆ ಬಂದು, ಕೂರದೆ ಬಾಗಿಲಲ್ಲೇ ನಿಂತು ಕೇಳಿದರು, "ಶಾರದಾ, ಕರಿಯ ಲಿಸ್ಟಲ್ಲಿದಾನಂತೆ ಹೌದಾ?"

ಹೌದು ಎಂದೆ.

"ತೂಕ ಹಾಕ್ತಾರಾ?"

ನಾನು ಕುರ್ಚಿ ತಂದು ಹಾಕಿದೆ. ಅವರು ಕೋಲು ತಿರುಗಿಸಿಕೊಂಡು, "ಆಯ್ತು ಬಿಡು ಮಾರಾಯ್ತಿ, ನಂಗೂ ಅಷ್ಟೇ ಇನ್ನೇನು" ಎಂದು ಹೊರಟರು. ನನ್ನ ಕೈಗೆ ಮೊದಲ ಸ್ಕ್ರೂಡ್ರೈವರ್ ಕೊಟ್ಟವರು ಅವರು. ನನಗೆ ತಡೆಯಲಾಗಲಿಲ್ಲ. ಮರುದಿನ ನೇರ ಸಾಹೇಬರ ಚೇಂಬರಿಗೆ ಹೋದೆ.

ಅವರು ಪಟ್ಟಿ ನೋಡಿ ಹೇಳಿದರು, "ನೋಡೀಮ್ಮಾ, ಗೊಂಬೆ ಇಟ್ಕೊಳ್ಳೋಕೆ ಇದು ಬಾಲವಾಡಿ ಅಲ್ಲ. ಕೆಲಸ ಮಾಡೋ ಮೆಷಿನ್ ಆದ್ರೆ, ಟ್ರೈನಿಂಗಿಗೆ ಉಪಯೋಗ ಆಗೋ ಹಾಗಿದ್ರೆ ಇರ್ಲಿ. ಆಯುಧ ಪೂಜೆ ದಿನ ನಾನು ನಿಮ್ ಸೆಕ್ಷನ್ನಿಗೆ ಬರ್ತೀನಿ. ಅವತ್ತು ಓಡ್ಸಿ ತೋರ್ಸಿ. ಓಡಿಲ್ಲ ಅಂದ್ರೆ ಮಾರನೇ ದಿನ ಲಾರಿ ಬರುತ್ತೆ."

ಆಯುಧ ಪೂಜೆಗೆ ಏಳು ವಾರ ಇತ್ತು. ನಾನೂ ಸೆಲ್ವರಾಜನೂ ಊಟದ ಬಿಡುವಿನಲ್ಲಿ ಕರಿಯನನ್ನು ಬಿಚ್ಚಿದೆವು. ಒಳಗೆ ಬಟ್ಟೆ ಸುತ್ತಿದ ಹಳೆಕಾಲದ ವೈರು, ಇಲಿ ಗೂಡು, ಬೀಡಿ ತುಂಡು, ಯಾರದೋ ಊಟದ ಚಮಚ. ಎಲ್ಲದರ ಅಡಿಯಲ್ಲಿ ಒಂದು ಟೆಸ್ಟರ್ ಸಿಕ್ಕಿತು. ನಾನು ಸೇರಿದ ವರ್ಷ ಕಳೆದುಹಾಕಿದ್ದೇನೆಂದು ಮೇಷ್ಟ್ರು ಮೂರು ದಿನ ಬೈದಿದ್ದ ಟೆಸ್ಟರ್ ಅದು. ಸಂಜೆ ತೆಗೆದುಕೊಂಡು ಹೋಗಿ ಅವರ ಮುಂದೆ ಹಿಡಿದೆ. ಕ್ಷಮೆ ಕೇಳುತ್ತಾರೆಂದು ನನ್ನ ಆಸೆ. ಅವರು ಕನ್ನಡಕ ಹಾಕಿ ನೋಡಿ, "ನಾನಾಗ್ಲೇ ಹೇಳಿರ್ಲಿಲ್ವಾ, ನಿನ್ ಹತ್ರಾನೇ ಎಲ್ಲೋ ಇದೆ ಅಂತ" ಎಂದರು.

ಇಲ್ಲಿ ಹೊಸಬರಿಗೆ ಒಂದು ಮಾತು. ನಾವು ಕಲಿತಾಗ ಕೆಲಸವೆಂದರೆ ವೈರು, ಸ್ವಿಚ್ಚು, ರಿಲೇ. ಕೆಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಸುಟ್ಟದ್ದು ಮೂಗಿಗೆ ಗೊತ್ತಾಗುತ್ತಿತ್ತು. ಈಗ ಉಗುರಿನಷ್ಟಗಲದ ಬೋರ್ಡಿನಲ್ಲಿ ಎಲ್ಲವೂ ಅಡಗಿರುತ್ತದೆ. ಅದು ಕೆಟ್ಟರೂ ಚೆನ್ನಾಗಿಯೇ ಕಾಣುತ್ತದೆ. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಫೋನಿನಲ್ಲಿ ವಿಡಿಯೊ ನೋಡಿಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿತೆ. ನಾಚಿಕೆಪಡಬೇಡಿ, ನಿಮಗಿಂತ ಚಿಕ್ಕವರ ವಿಡಿಯೊ ನೋಡಿ ಕಲಿಯಿರಿ. ಅವರು ಬೈಯುವುದಿಲ್ಲ, ಬೈದರೂ ಆಫ್ ಮಾಡಬಹುದು.

ಸಾಮಾನಿಗೆಂದು ಶಿವಮೊಗ್ಗಕ್ಕೆ ಹೋದೆ. ಗಾಂಧಿ ಬಜಾರಿನ ಹಿಂದಿನ ಒಂದು ಸಂದಿಯಲ್ಲಿ ಇಲಿಯಾಸ್ ಭಾಯಿ ಎಂಬುವರ ಅಂಗಡಿ. ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಈಗ ಎಲ್‌ಇಡಿ, ಸ್ಪೀಕರ್, ಬೋರ್ಡು ಮಾರುತ್ತಾರೆ. ಎಂಜಿನ್ನಿಗೆ ದೀಪ ಬೇಕು, ಶಿಳ್ಳೆ ಹೊಡೆಯಲು ಸೌಂಡ್ ಬೋರ್ಡು ಬೇಕು ಎಂದೆ.

"ಯಾವ ಎಂಜಿನ್ ಮೇಡಂ? ಬೋರ್‌ವೆಲ್ಲಾ?"

"ರೈಲ್ ಎಂಜಿನ್."

ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. "ಪೂರಾ ರೈಲಿಗಾ?"

ವಿಷಯ ತಿಳಿಸಿದ ಮೇಲೆ ಅವರಿಗೆ ನನಗಿಂತ ಹುರುಪು ಬಂತು. ಬೈಕಿನ ಎಲ್‌ಇಡಿ ಹೆಡ್‌ಲೈಟು, ಬೆಂಕಿಗೂಡಿಗೆ ಮಿಣುಕುವ ಕೆಂಪು ದೀಪ, ಒಂದು ಸೌಂಡ್ ಬೋರ್ಡು ಎಲ್ಲ ಕೊಟ್ಟು, "ಮಾಲು ಪಕ್ಕಾ ಮೇಡಂ, ಗ್ಯಾರಂಟಿ ಮಾತ್ರ ಕೇಳ್ಬೇಡಿ" ಎಂದರು.

ಎಲ್ಲ ಜೋಡಿಸಿ, ಮೇಷ್ಟ್ರನ್ನು ಕರೆಸಿ ಕುರ್ಚಿ ಹಾಕಿ ಕೂರಿಸಿ ಸ್ವಿಚ್ ಒತ್ತಿದೆ. ಎದುರಿಗೆ ನಿಂತಿದ್ದ ಸೆಲ್ವರಾಜ್ ದೀಪದ ಹೊಡೆತಕ್ಕೆ ಕಣ್ಣು ಮುಚ್ಚಿಕೊಂಡು ಅಲ್ಲೇ ಕುಳಿತ. ಕರಿಯ ಗಂಭೀರವಾಗಿ ಹೊರಟು, ಗಟ್ಟಿಯಾಗಿ ಕೂಗಿತು: "ಹಳೇ ಕಬ್ಣ, ಹಳೇ ಪ್ಲಾಸ್ಟಿಕ್, ಹಳೇ ಪಾತ್ರೆ ಇದ್ರೆ ಕೊಡ್ರೀ."

ಬೋರ್ಡು ಯಾವುದೋ ಗುಜರಿ ಗಾಡಿಯದು. ಅದರಲ್ಲಿದ್ದ ಕೂಗನ್ನು ಅಳಿಸಲು ಇಲಿಯಾಸ್ ಭಾಯಿ ಮರೆತಿದ್ದರು. ಗುಜರಿಗೆ ಹೋಗಬೇಕಾದ ಎಂಜಿನ್ನೇ ಗುಜರಿ ಕೇಳುತ್ತಾ ಅಂಗಳದ ತುಂಬಾ ಓಡಾಡಿತು. ಸೆಲ್ವರಾಜ್ ನಕ್ಕು ನಕ್ಕು ಅತ್ತ. ಮೇಷ್ಟ್ರು ನಗಲಿಲ್ಲ. "ಲೈಟು ಟ್ಯೂಬ್‌ಲೈಟ್ ಥರ ಬೆಳ್ಳಗಿದೆ. ದೀಪದ ಬಣ್ಣ ಬರ್ಬೇಕು. ಮತ್ತೆ ಇವನು ಏನೋ ಕೂಗ್ದ, ನಂಗೆ ಸರಿಯಾಗಿ ಕೇಳಿಸ್ಲಿಲ್ಲ, ಕೇಳಿಸ್ದೇ ಇರೋದೇ ಒಳ್ಳೇದು ಅನ್ಸುತ್ತೆ" ಎಂದರು.

ದೀಪಕ್ಕೆ ಹಳದಿ ಜಿಲೆಟಿನ್ ಕಾಗದ ಕಟ್ಟಿದೆವು. ಶಿಳ್ಳೆಯದೇ ಕಷ್ಟವಾಯಿತು. ಫೋನಿನಲ್ಲಿ ಸಿಕ್ಕ ಉಗಿ ಎಂಜಿನ್ ಶಿಳ್ಳೆಗಳನ್ನೆಲ್ಲ ಮೇಷ್ಟ್ರ ಕಿವಿಯ ಹತ್ತಿರ ಹಿಡಿದೆ. ಒಂದೊಂದಕ್ಕೂ ತಲೆಯಾಡಿಸಿ, "ಇದು ಯಾವ್ದೋ ಪರದೇಶದ್ದು. ನಮ್ದು ಹಿಂಗೆ ಕೂಗ್ತಿರ್ಲಿಲ್ಲ" ಎನ್ನುತ್ತಿದ್ದರು. ಹೇಗೆ ಕೂಗುತ್ತಿತ್ತು ಎಂದರೆ ಬಾಯಲ್ಲಿ ಮಾಡಿ ತೋರಿಸುವರು. ಹಲ್ಲಿಲ್ಲದ್ದರಿಂದ ಗಾಳಿ ಮಾತ್ರ ಬರುತ್ತಿತ್ತು.

ಒಂದು ಭಾನುವಾರ ಅವರ ಮನೆಯ ಹಾಲಿನಲ್ಲಿ ಇದೇ ಚರ್ಚೆ ನಡೆದಿರುವಾಗ ಒಳಗೆ ಅವರ ಹೆಂಡತಿ ಸಾವಿತ್ರಮ್ಮನವರ ಹಳೆಯ ಕುಕ್ಕರ್ ಕೂಗಿತು. ಮೇಷ್ಟ್ರು ಕೋಲು ಬಿಟ್ಟು ಎದ್ದು ನಿಂತರು. "ಇದೇ ಕಣೇ. ಇದೇ." ನಾನು ಅಡುಗೆಮನೆಗೆ ಓಡಿದೆ. ಶಿಳ್ಳೆಗೆ ದೊಡ್ಡ ದನಿ ಬರಲೆಂದು ಒಂದು ತಾಮ್ರದ ಹಂಡೆಯನ್ನು ಅಡ್ಡ ಮಲಗಿಸಿ, ಅದರೊಳಗೆ ಫೋನ್ ಇಟ್ಟು, ಬಾಯಿಯನ್ನು ಒಲೆಯ ಕಡೆಗೆ ತಿರುಗಿಸಿದೆವು. ಸಾವಿತ್ರಮ್ಮ ಬೇಳೆ ಬೆಂದಿದೆ ಎಂದರೂ ಕೇಳದೆ ಅವರಿಂದ ಇನ್ನೊಂದು ಸಲ ನೀರು ಹಾಕಿಸಿ ಕುಕ್ಕರ್ ಇಡಿಸಿದೆ. ಮೂರು ಸೀಟಿ ಸಿಕ್ಕಿತು. ಮೂರನೆಯದು ಮುಗಿಯುತ್ತಲೇ ಸಾವಿತ್ರಮ್ಮ ಅಭ್ಯಾಸದಂತೆ ಹಾಲಿನ ಕಡೆ ತಿರುಗಿ, "ಕೈಕಾಲ್ ತೊಳ್ಕಂಡ್ ಬನ್ರೀ, ಬಡಿಸ್ತೀನಿ" ಎಂದು ಕೂಗಿದರು. ಅದೂ ರೆಕಾರ್ಡ್ ಆಯಿತು. ಮನೆಗೆ ಬಂದು ಆ ಮಾತನ್ನು ಕತ್ತರಿಸಿ ತೆಗೆದೆ. ಕತ್ತರಿಸಿದ್ದೂ ಕತ್ತರಿಸದ್ದೂ ಎರಡೂ ಫೋನಿನಲ್ಲಿ ಉಳಿದವು. ಇದನ್ನು ನೆನಪಿಡಿ.

ಸಾಹೇಬರು ಕೆಲಸ ಮಾಡುವ ಮೆಷಿನ್ ಬೇಕೆಂದಿದ್ದರಲ್ಲ, ಅದಕ್ಕೆ ನಾನು ನನ್ನ ಬುದ್ಧಿಯನ್ನೆಲ್ಲ ಸುರಿದು ಒಂದು ಹೊಸ ವ್ಯವಸ್ಥೆ ಮಾಡಿದೆ. ಕರಿಯನ ಹಣೆಯಲ್ಲಿ, ಹೆಡ್‌ಲೈಟಿನ ಕೆಳಗೆ, ತೊಗರಿಬೇಳೆಯಷ್ಟು ದೊಡ್ಡ ಒಂದು ಕಣ್ಣು ಕೂರಿಸಿದೆ. ಬೆಳಕು ನೋಡುವ ಸೆನ್ಸರ್. ಸಂಜೆ ಕತ್ತಲಾಗುತ್ತಲೇ ಅದಕ್ಕೆ ತಿಳಿಯುತ್ತದೆ. ಆಗ ಕರಿಯ ತಾನಾಗಿಯೇ ದೀಪ ಹಚ್ಚಿಕೊಂಡು, ಹಿಂದಕ್ಕೆ ಚಲಿಸಿ, ಶೆಡ್ಡಿನೊಳಗೆ ಹೋಗಿ, ಮೂರು ಶಿಳ್ಳೆ ಹೊಡೆದು, ಬೆಳಗಾಗುವವರೆಗೆ ಮಲಗುತ್ತದೆ. ಮೋಡ ಕವಿದರೆ, ಯಾರಾದರೂ ಅಡ್ಡ ನಿಂತರೆ ಮೋಸ ಹೋಗದಿರಲೆಂದು ಹತ್ತು ನಿಮಿಷದ ಗಡುವನ್ನೂ ಇಟ್ಟಿದ್ದೆ. ಹತ್ತು ನಿಮಿಷ ಸತತವಾಗಿ ಕತ್ತಲಿದ್ದರೆ ಮಾತ್ರ ಸಂಜೆ ಎಂದು ಲೆಕ್ಕ. ಆ ಹತ್ತು ನಿಮಿಷದ ಬಗ್ಗೆ ನನಗೆ ಬಹಳ ಜಂಬವಿತ್ತು. ಸಿಕ್ಕಿದವರಿಗೆಲ್ಲ ಹೇಳಿದ್ದೆ. ಯಾರೂ ಆ ಕಣ್ಣನ್ನು ಮುಟ್ಟದಿರಲೆಂದು "ಇಲ್ಲಿ ಕೈ ಇಡಬಾರದು" ಎಂದು ಚೀಟಿ ಬರೆದು ಪಕ್ಕದಲ್ಲಿ ಅಂಟಿಸಿದ್ದೆ.

ಪೂಜೆಯ ಹಿಂದಿನ ದಿನ ಮೇಷ್ಟ್ರು ಬಂದು ಕೇಳಿ, ಶಿಳ್ಳೆ ಸಣ್ಣಗಿದೆ, ನನ್ನ ಕಿವಿಗೆ ಬೀಳಲಿಲ್ಲ ಎಂದರು. ಗಟ್ಟಿ ಮಾಡಿ ಮತ್ತೆ ಬೋರ್ಡಿಗೆ ತುಂಬಿಸುವಷ್ಟರಲ್ಲಿ ಶಿಫ್ಟಿನ ಸೈರನ್ ಆಯಿತು. ಪೂರ್ತಿ ಕೇಳಿಸಿಕೊಂಡು ಪರೀಕ್ಷೆ ಮಾಡಬೇಕಿತ್ತು. ಮಾಡಲಿಲ್ಲ. ನನಗೂ ಮನೆಗೆ ಹೋಗಿ ಕುಕ್ಕರ್ ಇಡಬೇಕಿತ್ತು.

ಆಯುಧ ಪೂಜೆಯ ಬೆಳಿಗ್ಗೆ ಅಂಗಳ ತುಂಬಿತ್ತು. ಮಾವಿನ ತೋರಣ, ಬಾಳೆಕಂಬ, ಬೂದುಗುಂಬಳಕಾಯಿ, ಬುಟ್ಟಿ ತುಂಬಾ ಪುರಿ. ಮೇಷ್ಟ್ರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಸಾವಿತ್ರಮ್ಮ ಹೆಂಗಸರ ಸಾಲಿನಲ್ಲಿದ್ದರು. ಅಪರೂಪಕ್ಕೆ ನಮ್ಮ ಯಜಮಾನರೂ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಕರಿಯ ಹಳಿಯ ನಡುವೆ ಹೊಳೆಯುತ್ತಾ ನಿಂತಿದ್ದ. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಅಡ್ಡವಾಗಿ ಕೆಂಪು ಟೇಪು. ಸಾಹೇಬರು ಟೇಪು ಕತ್ತರಿಸಿ ಹಸಿರು ಗುಂಡಿ ಒತ್ತಬೇಕು, ಕರಿಯ ಮುಂದಕ್ಕೆ ಹೋಗಿ ಬರಬೇಕು, ಇಷ್ಟೇ ಕಾರ್ಯಕ್ರಮ.

ಹತ್ತೂ ಮುಕ್ಕಾಲಿಗೆ ಪೂಜೆ ಮುಗಿಯಿತು. ಸಾಹೇಬರು ಬಂದರು. ಹಾರ ಹಾಕಿಸಿಕೊಳ್ಳಲು ಎರಡು ಕೈಯೂ ಬೇಕಾದ್ದರಿಂದ ತಮ್ಮ ಭಾಷಣದ ಹಾಳೆಗಳನ್ನೂ ಅದರ ಜೊತೆ ಪಿನ್ನು ಮಾಡಿದ್ದ ಗುಜರಿ ಪಟ್ಟಿಯನ್ನೂ ಕರಿಯನ ಕಲ್ಲಿದ್ದಲ ಪೆಟ್ಟಿಗೆಯ ಮೇಲೆ ಇಟ್ಟರು. ಮೈಕ್ ಹಿಡಿದವರಿಗೆ ಅವನ್ನು ಎತ್ತಿಕೊಳ್ಳುವುದು ತಕ್ಷಣ ನೆನಪಾಗಲಿಲ್ಲ. ಬಂದವರನ್ನೆಲ್ಲ ಸ್ವಾಗತಿಸಿ, ಹಬ್ಬದ ಶುಭಾಶಯ ಹೇಳಿ, ಸುರಕ್ಷತೆಯ ಬಗ್ಗೆ ಬಾಯಿಪಾಠವಿದ್ದದ್ದನ್ನು ಒಪ್ಪಿಸಿ, ಕೊನೆಗೆ ವಿಷಯಕ್ಕೆ ಬಂದರು. "ಹಳೇದನ್ನ ಬಿಡೋದು ಕಷ್ಟ ಆಗುತ್ತೆ. ಆದ್ರೆ ಹೊಸದಕ್ಕೆ ಜಾಗ ಬೇಕು ಅಂದ್ರೆ ಹಳೇದು ಹೋಗ್ಲೇಬೇಕು" ಎಂದರು. ಮೇಷ್ಟ್ರ ಕಡೆ ನೋಡಿದೆ. ಅವರಿಗೆ ಕೇಳಿಸುತ್ತಿರಲಿಲ್ಲ, ಸುಮ್ಮನೆ ಕರಿಯನನ್ನೇ ನೋಡುತ್ತಿದ್ದರು.

ಮುಂದಿನ ಮಾತಿಗೆ ಸಾಹೇಬರು ಹಾಳೆಗೆಂದು ಕೈ ಚಾಚಿದರು. ಅದೇ ಹೊತ್ತಿಗೆ ಕರಿಯನ ಹೆಡ್‌ಲೈಟ್ ಹೊತ್ತಿಕೊಂಡಿತು.

ಯಾರೂ ಗುಂಡಿ ಒತ್ತಿರಲಿಲ್ಲ. ಬೆಂಕಿಗೂಡು ಕೆಂಪಗಾಯಿತು. ಚಕ್ರದ ಕೆಳಗಿನ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಬೆಳಗಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಕರಿಯ ಸಾಹೇಬರ ಭಾಷಣವನ್ನು ಹೊತ್ತುಕೊಂಡು ಹಿಂದಕ್ಕೆ ಹೊರಟ. ಸಾಹೇಬರು ಕೈ ಚಾಚಿಕೊಂಡೇ ನಾಲ್ಕು ಹೆಜ್ಜೆ ಜೊತೆಗೆ ನಡೆದರು. ಸೆಲ್ವರಾಜ್ ಹಸಿರು ಗುಂಡಿ ಒತ್ತಿದ, ಕೆಂಪು ಗುಂಡಿ ಒತ್ತಿದ, ಎರಡನ್ನೂ ಒಟ್ಟಿಗೆ ಒತ್ತಿದ. ನಾನು ಬರೆದ ಪ್ರೋಗ್ರಾಂ ಅದು. ಮನೆಗೆ ಹೊರಟ ಮೇಲೆ ಯಾರ ಮಾತನ್ನೂ ಕೇಳಬಾರದು ಎಂದೇ ಬರೆದಿದ್ದೆ. ಕರಿಯ ಶೆಡ್ಡಿನೊಳಗೆ ಹೋಗಿ ನಿಂತ.

ಶೆಡ್ಡಿನ ಬಾಗಿಲು ಎರಡೂವರೆ ಅಡಿ ಎತ್ತರ. ಬೇರೆಯವರನ್ನು ಕಳಿಸಿದ್ದರೆ ಆಗುತ್ತಿತ್ತು, ಆದರೆ ಗಾಬರಿಯಲ್ಲಿ ಸಾಹೇಬರೇ ಮಂಡಿಯೂರಿ, ಹಾರ ಹಾಕಿಕೊಂಡೇ, ಎಂಜಿನ್ನಿನ ಪಕ್ಕಕ್ಕೆ ತಲೆ ತೂರಿಸಿದರು. ಆಗ ಶಿಳ್ಳೆ ಆಯಿತು. ಹಂಡೆಯೊಳಗಿನ ಶಿಳ್ಳೆ, ಅದೂ ನಾನು ಹಿಂದಿನ ದಿನ ಗಟ್ಟಿ ಮಾಡಿದ್ದು, ತಗಡಿನ ಶೆಡ್ಡಿನೊಳಗೆ. ಒಂದು. ಎರಡು. ಮೂರು. ಅಂಗಳ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಶೆಡ್ಡಿನೊಳಗಿಂದ ಆಕಾಶವಾಣಿಯಂತೆ ಸಾವಿತ್ರಮ್ಮನವರ ದನಿ ಬಂತು.

"ಕೈಕಾಲ್ ತೊಳ್ಕಂಡ್ ಬನ್ರೀ, ಬಡಿಸ್ತೀನಿ."

ಸಾವಿತ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇಷ್ಟು ಹೊತ್ತು ಏನೂ ಕೇಳಿಸದೆ ಕುಳಿತಿದ್ದ ಮೇಷ್ಟ್ರಿಗೆ ಅದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಐವತ್ತೈದು ವರ್ಷದ ಅಭ್ಯಾಸ. "ಬಂದೆ, ಬಂದೆ, ಇರು" ಎನ್ನುತ್ತಾ ಕೋಲು ಹುಡುಕಿಕೊಂಡು ಕುರ್ಚಿಯಿಂದ ಎದ್ದುಬಿಟ್ಟರು.

ಅಂಗಳದಲ್ಲಿ ನಗದವರು ಯಾರೂ ಉಳಿಯಲಿಲ್ಲ. ನಾನೊಬ್ಬಳು ಅಳುವಂತಾಗಿ ನಿಂತಿದ್ದೆ. ಕರಿಯನ ಕಥೆ ಮುಗಿಯಿತು, ನಾಳೆ ಲಾರಿ ಬರುತ್ತದೆ, ಈ ಮುದುಕರ ಮುಂದೆ ನಾನು ಹೇಗೆ ಮುಖ ಎತ್ತಲಿ ಎಂದು ಯೋಚಿಸುತ್ತಿದ್ದೆ. ಶೆಡ್ಡಿನಿಂದ ಹೊರಗೆ ಉಳಿದಿದ್ದ ಸಾಹೇಬರ ಅರ್ಧ ದೇಹ ಅಲುಗಾಡತೊಡಗಿತು. ಪೆಟ್ಟಾಯಿತೇನೋ ಎಂದು ಓಡಿದೆ. ಅವರು ನಗುತ್ತಿದ್ದರು. ನಗುತ್ತಲೇ ತಲೆ ಎತ್ತಿ ತಗಡಿಗೆ ಬಡಿಸಿಕೊಂಡು, ಮತ್ತೂ ನಗುತ್ತಾ, ಹಾಳೆಗಳನ್ನು ಹಿಡಿದುಕೊಂಡು ಹೊರಗೆ ಬಂದರು. ಮಂಡಿಯ ತುಂಬಾ ಮಣ್ಣು, ಹಾರ ಅರ್ಧ ಕಿತ್ತುಹೋಗಿತ್ತು.

"ಎಲ್ಲಿಗೆ ಹೋಯ್ತಮ್ಮಾ ಇದು?" ಎಂದು ಕೇಳಿದರು.

"ಮನೆಗೆ ಸಾರ್. ಸಂಜೆ ಆದ್ರೆ ಹೋಗುತ್ತೆ. ಇವತ್ತು ಯಾಕೋ ಬೇಗ ಸಂಜೆ ಆಯ್ತು ಅದಕ್ಕೆ."

"ಯಾರೂ ಹೇಳ್ದೆ ತಾನೇ ಹೋಗುತ್ತಾ?"

"ಹೌದು ಸಾರ್."

"ನಾನು ಸರ್ವಿಸಿಗೆ ಸೇರಿ ಇಪ್ಪತ್ತೆಂಟು ವರ್ಷ ಆಯ್ತು. ಟೈಮಿಗೆ ಸರಿಯಾಗಿ ಮನೆಗೆ ಹೋಗಿ ಊಟಕ್ಕೆ ಕೂತಿದ್ದು ನೆನಪಿಲ್ಲ. ಇದಕ್ಕಾದ್ರೂ ಬುದ್ಧಿ ಇದೆ" ಎಂದು ಜೇಬಿನಿಂದ ಪೆನ್ನು ತೆಗೆದರು. ಕೈಯಲ್ಲಿದ್ದ ಪಟ್ಟಿಯಲ್ಲಿ ಹದಿನೇಳನೆಯ ಸಾಲಿಗೆ ಗೆರೆ ಎಳೆದರು. ಮೇಷ್ಟ್ರ ಹತ್ತಿರ ಹೋಗಿ ಅವರ ಕಿವಿಗೆ ಬಾಯಿ ಇಟ್ಟು, "ಇದು ಇಲ್ಲೇ ಇರುತ್ತೆ ಯಜಮಾನ್ರೇ" ಎಂದರು. ಮೇಷ್ಟ್ರು, "ಊಟ ಆದ್ಮೇಲೆ ಮಾತಾಡಣ" ಎಂದರು.

ಆಮೇಲೆ ತನಿಖೆ ನಡೆಯಿತು. ಹಗಲಿನಲ್ಲಿ ಕರಿಯನಿಗೆ ಕತ್ತಲಾದದ್ದು ಹೇಗೆ? ಶೆಡ್ಡಿನಿಂದ ಎಳೆದು ನೋಡಿದರೆ ಹಣೆಯ ಮೇಲೆ ಮೂರು ಗೆರೆ ವಿಭೂತಿ, ಅದರ ಕೆಳಗೆ ದಪ್ಪ ಕುಂಕುಮದ ಬೊಟ್ಟು. ಸರಿಯಾಗಿ ಆ ಕಣ್ಣಿನ ಮೇಲೆ. ಪ್ರತಿ ವರ್ಷ ಮೆಷಿನ್ನುಗಳಿಗೆ ವಿಭೂತಿ, ಕುಂಕುಮ ಹಚ್ಚುವವನು ಸೆಲ್ವರಾಜ್. ಎಲ್ಲರೂ ಅವನನ್ನೇ ಹಿಡಿದುಕೊಂಡರು. ವರ್ಷಪೂರ್ತಿ ಕ್ಯಾಂಟೀನಿನಲ್ಲಿ ಅವನಿಗೆ ಅದೇ ಗೇಲಿ. ಅವನು ಒಂದು ಮಾತೂ ಆಡಲಿಲ್ಲ.

ಈಗ ಪೆನ್ಷನ್ ಮಂಜೂರಾಗಿದೆ, ಇನ್ನು ಹೇಳಬಹುದು. ಅವನು ಹಚ್ಚಿದ ವಿಭೂತಿ ಕಣ್ಣಿಗಿಂತ ಎರಡು ಬೆರಳು ಮೇಲಿತ್ತು. ಸಾಹೇಬರು ಬರುವ ಹೊತ್ತಿಗೆ ದೇವರ ಮುಂದೆ ಚೀಟಿ ಚೆನ್ನಾಗಿ ಕಾಣುವುದಿಲ್ಲವೆಂದು "ಇಲ್ಲಿ ಕೈ ಇಡಬಾರದು" ಎಂಬುದನ್ನು ಕಿತ್ತವಳು ನಾನು. ಮೂವತ್ತೇಳು ಆಯುಧ ಪೂಜೆ ಮಾಡಿದ ಕೈ. ಹಣೆ ಕಂಡಿತು, ಕಣ್ಣು ಮುಚ್ಚಿ ಮನಸ್ಸಿನಲ್ಲಿ ಕೈ ಮುಗಿದು, ಇವನು ಉಳಿಯಲಿ ದೇವರೇ ಎಂದು ಬೇಡಿಕೊಂಡು, ಉಂಗುರದ ಬೆರಳಿನಿಂದ ಗಟ್ಟಿಯಾಗಿ ಒತ್ತಿ ಬೊಟ್ಟು ಇಟ್ಟವಳೂ ನಾನೇ. ಸೆಲ್ವರಾಜನಿಗೆ ಗೊತ್ತಿತ್ತು. ಒಮ್ಮೆ ಕೇಳಿದ್ದಕ್ಕೆ, "ಬಿಡಕ್ಕಾ, ಇನ್ನೇನ್ ರಿಟೈರ್ ಆಗೋ ಟೈಮಲ್ಲಿ ನಿಂಗ್ಯಾಕೆ ಕೆಟ್ಟ ಹೆಸ್ರು. ನಂಗೆ ಇನ್ನೂ ಹತ್ತು ವರ್ಷ ಇದೆ, ಸರಿ ಮಾಡ್ಕೋತೀನಿ" ಎಂದ. ಕ್ಯಾಂಟೀನಿನವರು ಇದನ್ನು ಓದಿ ಅವನ ಕ್ಷಮೆ ಕೇಳಬೇಕೆಂದು ನನ್ನ ಕೋರಿಕೆ.

ಸಾವಿತ್ರಮ್ಮನವರ ಮಾತನ್ನು ಬೋರ್ಡಿನಿಂದ ತೆಗೆಯಲು ಯಾರೂ ಬಿಡಲಿಲ್ಲ. ದಿನಾ ಸಂಜೆ ಕರಿಯ ಶೆಡ್ಡಿಗೆ ಹೋಗಿ ಅದನ್ನು ಹೇಳುತ್ತಾನೆ, ಶಿಫ್ಟು ಮುಗಿಸಿದವರು ನಿಂತು ಕೇಳಿಕೊಂಡು ಗೇಟಿನ ಕಡೆ ನಡೆಯುತ್ತಾರೆ.

ಪೂಜೆಯಾದ ತಿಂಗಳ ಕೊನೆಗೆ ನಾನು ನಿವೃತ್ತಳಾದೆ. ಶಾಲು, ಹಾರ, ಒಂದು ಗೋಡೆ ಗಡಿಯಾರ. ಸೆಲ್ವರಾಜ್ ಜೀಪಿನಲ್ಲಿ ಮನೆಯ ತನಕ ಬಿಟ್ಟು ಹೋದ. ದಾರಿಯುದ್ದಕ್ಕೂ ಒಂದೇ ಯೋಚನೆ. ಕರಿಯನಿಗೂ ದಿನಾ ಸಂಜೆ ಕರೆಯುವವರೊಬ್ಬರಿದ್ದಾರೆ, ಮೂವತ್ತೇಳು ವರ್ಷದಲ್ಲಿ ಆ ಮಾತು ನನಗೆ ಯಾರೂ ಹೇಳಲಿಲ್ಲವಲ್ಲ ಎಂದು. ಅದುವರೆಗೆ ಅನ್ನಿಸದಿದ್ದದ್ದು ಅವತ್ತು ಅನ್ನಿಸಿತು. ಬೇಸರವಾಯಿತು.

ಬಾಗಿಲು ತೆಗೆದಿತ್ತು. ಕುರ್ಚಿಯ ಮೇಲೆ ಪೇಪರ್ ಇತ್ತು, ಯಜಮಾನರು ಇರಲಿಲ್ಲ. ಚಪ್ಪಲಿ ಬಿಡುತ್ತಿರುವಾಗ ಒಳಗೆ ಕುಕ್ಕರ್ ಕೂಗಿತು. ಒಂದು, ಎರಡು. ಮೂರನೆಯದಕ್ಕೆ ಕಾಯಲು ಅವರಿಗೆ ಧೈರ್ಯ ಸಾಲಲಿಲ್ಲ ಎಂದು ಕಾಣುತ್ತದೆ, ಗ್ಯಾಸ್ ಆರಿಸಿದ ಸದ್ದಾಯಿತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಸೌಟು, ಅಂಗಿಯ ಮೇಲೆ ಅರಿಶಿನದ ಕಲೆ. ನನ್ನ ಮುಖ ನೋಡದೆ ಹಿಂದಿದ್ದ ಕ್ಯಾಲೆಂಡರ್ ನೋಡುತ್ತಾ, ಪಾಠ ಒಪ್ಪಿಸುವವರ ಹಾಗೆ ಹೇಳಿದರು.

"ಕೈಕಾಲು ತೊಳ್ಕೊಂಡು ಬಾ. ಬಡಿಸ್ತೀನಿ."

ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಕೈಕಾಲಿನ ಜೊತೆ ಮುಖವನ್ನೂ ಎರಡೆರಡು ಸಲ ತೊಳೆಯಬೇಕಾಯಿತು. ಬಂದು ತಟ್ಟೆಯ ಮುಂದೆ ಕುಳಿತೆ. ಅನ್ನ ಮುದ್ದೆಯಾಗಿತ್ತು, ಬೇಳೆ ಬೆಂದಿರಲಿಲ್ಲ, ಉಪ್ಪು ಹಾಕುವುದು ಮರೆತೇ ಹೋಗಿತ್ತು. ಎರಡು ಸಲ ಹಾಕಿಸಿಕೊಂಡು ಉಂಡೆ.